ಲೋಸೊ ನಾ ಮದೇಸು: ಒಂದು ಬೋಗುಣಿ ತುಂಬಿಸಲು ಮೂರು ವಾರ

ಮೂರು ವಾರದಿಂದ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಪಕ್ಕದ ಮನೆಯ ಎನಾಮಲ್ ಬೋಗುಣಿ ಕೂತಿತ್ತು. ಬಿಳಿ ಮೈ, ನೀಲಿ ಅಂಚು, ಅಡಿಯಲ್ಲಿ ಒಂದು ಕಡೆ ಚಕ್ಕೆ ಎದ್ದು ಕಪ್ಪಾದ ಗುರುತು. ಮೊನ್ನೆ ಭಾನುವಾರ ಅದು ತುಂಬಿಕೊಂಡು ತನ್ನ ಮನೆ ಸೇರಿತು. ಅದನ್ನು ತುಂಬಿಸಲು ಪಟ್ಟ ಪಾಡನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಕೆಲಸಕ್ಕೋ ವ್ಯಾಪಾರಕ್ಕೋ ಕಾಂಗೋ ದೇಶಕ್ಕೆ ಬರುವ ನಮ್ಮವರು ಕಡಿಮೆಯೇನಿಲ್ಲ. ಇಲ್ಲಿನ ಕಾಳು ನೋಡಿ "ರಾಜ್ಮಾ ತಾನೆ" ಅಂದುಕೊಳ್ಳುವವರು ಮುಂದೆ ಬರೆದಿರುವ ಎರಡನೇ ಸಲದ ಕಥೆಯನ್ನಾದರೂ ಪೂರ್ತಿ ಓದಿ. ನಾವು ಅನುಭವಿಸಿದ್ದು ಇನ್ನೊಬ್ಬರಿಗೆ ಬೇಡ.

ನಮ್ಮದು ಹಾಸನದ ಕಡೆ. ಯಜಮಾನರ ಕೆಲಸದಿಂದಾಗಿ ಕಾಂಗೋದ ರಾಜಧಾನಿ ಕಿನ್ಶಾಸಾಗೆ ಬಂದು ಎರಡು ವರ್ಷವಾಯಿತು, ಲಿಮೆಟೆ ಎಂಬ ಬಡಾವಣೆಯಲ್ಲಿ ಮನೆ. ಅಕ್ಟೋಬರ್‌ನಲ್ಲಿ ಮಳೆ ಶುರುವಾದ ಹೊತ್ತಿಗೆ ಮಗನಿಗೆ ಮಲೇರಿಯಾ ಬಂತು. ಔಷಧಿಗೆ ಜ್ವರ ಇಳಿಯಿತು, ಆದರೆ ಬಾಯಿರುಚಿ ಮರಳಲಿಲ್ಲ. ಗಂಜಿ, ಮೊಸರನ್ನ, ಬೇಳೆಕಟ್ಟು ಯಾವುದನ್ನು ಕೊಟ್ಟರೂ ಮುಖ ತಿರುಗಿಸುತ್ತಿದ್ದ. ಆಗ ಪಕ್ಕದ ಮನೆಯವರು ಸಂಜೆ ಸಂಜೆ ಈ ಬೋಗುಣಿ ಕಳಿಸತೊಡಗಿದರು. ಅರ್ಧ ಬಿಳಿ ಅನ್ನ, ಅರ್ಧ ಕೆಂಪೆಣ್ಣೆ ತೇಲುವ ಗಟ್ಟಿ ಕಾಳಿನ ಸಾರು. ಮಗ ಮೊದಲ ದಿನ ನಾಲ್ಕು ಚಮಚ ತಿಂದ. ಐದನೇ ದಿನ ಬೋಗುಣಿ ಒರೆಸಿ ತಿಂದ. ಇಲ್ಲಿನವರ ಮಾತು ಲಿಂಗಾಲದಲ್ಲಿ ಇದಕ್ಕೆ ಲೋಸೊ ನಾ ಮದೇಸು ಅನ್ನುತ್ತಾರೆ. ಲೋಸೊ ಅಂದರೆ ಅನ್ನ, ಮದೇಸು ಅಂದರೆ ಕಾಳು.

ಅವರನ್ನು ನಾನು ಯಾಯಾ ಅಂತ ಕರೆಯುವುದು. ಅಕ್ಕ ಅಂತ ಅರ್ಥ. ಅವರು ನನ್ನನ್ನು ಲೇಕಿ ಅನ್ನುತ್ತಾರೆ, ತಂಗಿ. ನನಗೆ ಬರುವುದು ಹರಕು ಮುರುಕು ಫ್ರೆಂಚು, ಅಷ್ಟಿಷ್ಟು ಲಿಂಗಾಲ. ಉಳಿದದ್ದೆಲ್ಲ ಕೈಸನ್ನೆ.

ನೆರೆಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಕಳಿಸಬಾರದು ಅಂತ ನಮ್ಮಮ್ಮ ಸಾಯುವವರೆಗೂ ಹೇಳುತ್ತಿದ್ದಳು. ಬೇರೇನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವನ್ನಾದರೂ ಹಾಕುತ್ತಿದ್ದಳು. ಹಾಗಾಗಿ ಮೊದಲು ಚಿತ್ರಾನ್ನ ತುಂಬಿಸಿ ಕೊಟ್ಟೆ. ಯಾಯಾ ಮನೆಯ ಮಕ್ಕಳು ಸಾಸಿವೆ, ಕರಿಬೇವನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗಿಟ್ಟು, ಅನ್ನವನ್ನು ಕೈಯಲ್ಲಿ ಹಿಡಿದು ಅಮ್ಮನ ಮುಖ ನೋಡಿದವು. ಆಕೆ ತಾನೇ ತಿಂದು ಮುಗಿಸಿದರು. ಮರುದಿನ ಬೋಗುಣಿ ಮತ್ತೆ ನಮ್ಮ ಮನೆಗೆ ಬಂತು, ಹುರಿದ ಬಾಳೆಕಾಯಿ ಇಟ್ಟುಕೊಂಡು. ಆ ಮಕ್ಕಳಿಗೆ ನಿಜವಾಗಿ ಇಷ್ಟವಾಗುವ ಲೋಸೊ ನಾ ಮದೇಸುವನ್ನೇ ಮಾಡಿ ಕೊಡಬೇಕು ಅಂತ ಆವತ್ತು ತೀರ್ಮಾನಿಸಿದೆ.

ಮೊದಲ ಸಲ ಸಾಮಾನು ತರಲು ಮಸೀನಾ ಕಡೆಯ ದೊಡ್ಡ ಮಾರ್ಕೆಟ್ಟಿಗೆ ಹೋದೆ. ಹೊಸಬರಿಗೆ ಎರಡು ಮಾತು. ಪಾಸ್‌ಪೋರ್ಟಿನ ಮತ್ತು ವೀಸಾದ ಜೆರಾಕ್ಸ್ ಚೀಲದಲ್ಲಿರಲಿ, ಮೂಲ ಪ್ರತಿ ಮನೆಯಲ್ಲಿರಲಿ. ಇಲ್ಲಿ ಡಾಲರ್ ಮತ್ತು ಕಾಂಗೋ ಫ್ರಾಂಕ್ ಎರಡೂ ನಡೆಯುತ್ತವೆ, ಆದರೆ ಡಾಲರ್ ನೋಟಿನ ಅಂಚು ಕೂದಲೆಳೆಯಷ್ಟು ಹರಿದಿದ್ದರೂ ಮುಟ್ಟುವುದಿಲ್ಲ. ನನ್ನ 20 ಡಾಲರ್ ನೋಟನ್ನು ಹಣ ಬದಲಾಯಿಸುವ ಮೂವರು ಬೆಳಕಿಗೆ ಹಿಡಿದು ನೋಡಿ ವಾಪಸ್ ಕೊಟ್ಟರು. ಅದರಲ್ಲೇ ಮುಕ್ಕಾಲು ಗಂಟೆ ಹೋಯಿತು. ಹಾಗಾಗಿ ಸಣ್ಣ ಫ್ರಾಂಕ್ ನೋಟುಗಳನ್ನೇ ಹಿಡಿದು ಹೋಗಿ.

ಕಾಳನ್ನು ತಕ್ಕಡಿಯಲ್ಲಿ ತೂಗುವುದಿಲ್ಲ, ಕೋಪೊ ಎಂಬ ಲೋಟದಲ್ಲಿ ಅಳೆದು ಗೋಪುರ ಕಟ್ಟಿ ಕೊಡುತ್ತಾರೆ. ನಮ್ಮೂರ ಸಂತೆಯಲ್ಲಿ ಸೇರು ಪಾವಿನಲ್ಲಿ ಅಳೆಯುತ್ತಿದ್ದ ಹಾಗೆ. ಬಿಳಿ, ಕಡುಗೆಂಪು, ಹಕ್ಕಿಯ ಮೊಟ್ಟೆಯಂತೆ ಚುಕ್ಕೆ ಇರುವುದು, ಹೀಗೆ ಹಲವು ಬಗೆ. ಕೆಳ ಕಾಂಗೋ ಕಡೆಯ ಹೊಲಗಳಿಂದ ಲಾರಿಯಲ್ಲಿ ಬಂದದ್ದು ಬೇರೆ, ದೂರದ ಕಿವು ಬೆಟ್ಟಗಳಿಂದ ಬಂದದ್ದು ಬೇರೆ. ನಾನು ಬಣ್ಣಕ್ಕೆ ಮಾರುಹೋಗಿ ಕಡುಗೆಂಪಿನದನ್ನು ಕೊಂಡೆ. ಹೊಸದೋ ಹಳೆಯದೋ ಕೇಳಲಿಲ್ಲ. ತಪ್ಪು ಶುರುವಾದದ್ದು ಅಲ್ಲಿಂದ. ಬಿಸಿ ಮತ್ತು ತೇವ ಇರುವ ಕಡೆ ತಿಂಗಳುಗಟ್ಟಲೆ ಇಟ್ಟ ಕಾಳು ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ. ಸಿಪ್ಪೆ ಸುಕ್ಕಾಗಿ ಬಣ್ಣ ಮಂಕಾಗಿದ್ದರೆ, ತೂತು ಬಿದ್ದಿದ್ದರೆ ಬಿಟ್ಟು ಮುಂದೆ ಹೋಗಿ. ಸಿಪ್ಪೆ ಬಿಗಿಯಾಗಿ ಹೊಳೆಯುತ್ತಿರಬೇಕು.

ಆವತ್ತು ವಾಪಸ್ ಬರುವಾಗ ದಾರಿಯಲ್ಲಿ ಸಮವಸ್ತ್ರದವರೊಬ್ಬರು ಟ್ಯಾಕ್ಸಿ ನಿಲ್ಲಿಸಿ, ನನ್ನ ಜೆರಾಕ್ಸ್ ಪ್ರತಿಗಳನ್ನು ತಿರುವಿ ಹಾಕಿ, "ಮದೇಸು ಯಾ ಬಾನಾ" ಅಂದರು. ಮಕ್ಕಳ ಕಾಳು. ನನ್ನ ಚೀಲದಲ್ಲಿ ಕಾಳಿರುವುದು ಇವರಿಗೆ ಹೇಗೆ ತಿಳಿಯಿತು ಅಂತ ನಾನು ಗಾಬರಿಯಾದೆ. ಚಾಲಕ ಸುಮ್ಮನೆ ಒಂದು ನೋಟು ಕೊಟ್ಟು ಗಾಡಿ ಮುಂದೆ ಬಿಟ್ಟ. ಇಲ್ಲಿ ಚಿಲ್ಲರೆ ಲಂಚಕ್ಕೆ ಇರುವ ಹೆಸರೇ ಅದು ಅಂತ ಸಂಜೆ ಯಾಯಾ ತಿಳಿಸಿದರು. ಆ ಮಾತು ನನ್ನನ್ನು ಬಹಳ ಹೊತ್ತು ಕಾಡಿತು. ಕೈಚಾಚುವಾಗ ಕೂಡ ಮನೆಯ ಮಕ್ಕಳ ಹೊಟ್ಟೆಗೆ ಕಾಳು ಅಂತ ಕೇಳುತ್ತಾರೆ ಅಂದರೆ, ಮನೆ ಮನೆಯಲ್ಲೂ ಹಸಿವು ತಣಿಸುವುದು ಈ ಕಾಳೇ ತಾನೆ.

ಮೊದಲ ಸಲದ ಅಡುಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂಗಳೂರಿಂದ ತಂದ ಕುಕ್ಕರಿನಲ್ಲಿ ಕಾಳು, ಈರುಳ್ಳಿ, ಟೊಮ್ಯಾಟೊ, ಉಪ್ಪು ಎಲ್ಲವನ್ನೂ ಒಟ್ಟಿಗೇ ಹಾಕಿ ಎಂಟು ವಿಷಲ್ ಕೂಗಿಸಿದೆ. ಮುಚ್ಚಳ ತೆಗೆದರೆ ಕಾಳು ಹಲ್ಲಿಗೆ ಕಟಕಟ. ಟೊಮ್ಯಾಟೊದ ಹುಳಿ ಮೊದಲೇ ಸೇರಿದರೆ ಕಾಳಿನ ಸಿಪ್ಪೆ ಬಿಗಿದುಕೊಳ್ಳುತ್ತದೆ. ಹುಣಸೆಹುಳಿ ಹಾಕಿದ ಮೇಲೆ ತರಕಾರಿ ಬೇಯುವುದಿಲ್ಲ ಅಂತ ಹುಳಿ ಮಾಡುವಾಗ ನಮಗೆ ಗೊತ್ತೇ ಇರುವ ಮಾತು, ಆ ಗಡಿಬಿಡಿಯಲ್ಲಿ ಮರೆತಿದ್ದೆ. ಅದರ ಮೇಲೆ ಜೀರಿಗೆ ಒಗ್ಗರಣೆ, ಶುಂಠಿ, ಗರಂ ಮಸಾಲೆ. ಯಾಯಾ ಒಂದು ಚಮಚ ರುಚಿ ನೋಡಿ, ಒಂದು ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ, "ನಾಯ್ನೊ ತೆ" ಅಂದರು. ಇನ್ನೂ ಆಗಿಲ್ಲ. ಆಮೇಲೆ ಮೆಲ್ಲಗೆ, ಇದು ನಿಮ್ಮೂರಿನ ಅಡುಗೆ, ಚೆನ್ನಾಗಿದೆ ಅಂದರು. ಬೋಗುಣಿ ಖಾಲಿಯೇ ಉಳಿಯಿತು.

ಎರಡನೇ ಸಲ ಎಲ್ಲವನ್ನೂ ಇಲ್ಲಿನವರ ಹಾಗೇ ಮಾಡುತ್ತೇನೆ ಅಂತ ಇದ್ದಿಲೊಲೆ ತಂದೆ. ಇಲ್ಲಿ ಅದಕ್ಕೆ ಮ್ಬಾಬುಲಾ ಅನ್ನುತ್ತಾರೆ, ಇದ್ದಿಲಿಗೆ ಮಕಾಲಾ. ಊರಿನ ಬಹುಪಾಲು ಮನೆಗಳ ಅಡುಗೆ ಇದರ ಮೇಲೇ ನಡೆಯುವುದು. ಆ ದಿನ ಬೆಳಗ್ಗೆಯಿಂದ ಕರೆಂಟೂ ಇರಲಿಲ್ಲ. ನವೆಂಬರ್ ಮಳೆಗೆ ಇದ್ದಿಲು ಥಂಡಿ ಹಿಡಿದಿತ್ತು, ಊದಿ ಊದಿ ಕಣ್ಣು ಕೆಂಪಾಯಿತೇ ಹೊರತು ಕೆಂಡ ಆಗಲಿಲ್ಲ. ನೀರಿನಿಂದ ಹಬೆ ಏಳುತ್ತಿತ್ತು, ಮರಳಲಿಲ್ಲ. ನಿಧಾನ ಉರಿಯಲ್ಲಿ ಬೆಂದರೆ ರುಚಿ ಹೆಚ್ಚು ಅಂತ ನಾಲ್ಕು ತಾಸು ಹಾಗೇ ಬಿಟ್ಟೆ. ಕಾಳು ಹೊರಗೆ ಮೆತ್ತಗೆ, ಒಳಗೆ ಹಿಟ್ಟು ಹಿಟ್ಟು. ನಾನೂ ಯಜಮಾನರೂ ಒಂದೊಂದು ಸೌಟು ಹಾಕಿಕೊಂಡು ಉಂಡೆವು. ಮಗನಿಗೆ ಕೊಡಲಿಲ್ಲ, ಅದು ದೇವರ ದಯೆ.

ಎರಡು ತಾಸಿನೊಳಗೆ ಇಬ್ಬರಿಗೂ ವಾಂತಿ ಶುರುವಾಯಿತು. ಹೊಟ್ಟೆ ಹಿಂಡಿದ ನೋವು, ಬೆವರು, ಎದ್ದು ನಿಲ್ಲಲಾಗದ ನಿಶ್ಶಕ್ತಿ. ಹೊರಗೆ ಕತ್ತಲೆ, ಪಕ್ಕದಲ್ಲಿ ಹೆದರಿ ಕೂತ ಮಗು. ಮಲೇರಿಯಾನಾ, ವಿಷವಾ, ಏನೂ ತೋಚದೆ ನಾನು ಅತ್ತುಬಿಟ್ಟೆ. ಯಾಯಾ ಬಂದು ಉಪ್ಪು ಸಕ್ಕರೆ ಹಾಕಿದ ನೀರು ಕುಡಿಸುತ್ತ ಮಧ್ಯರಾತ್ರಿವರೆಗೂ ಕೂತಿದ್ದರು. ನಾಲ್ಕೈದು ತಾಸಿನಲ್ಲಿ ತಾನಾಗಿಯೇ ಇಳಿಯಿತು. ಮರುದಿನ ನೋಡಿದ ವೈದ್ಯರು ಕೇಳಿದ ಮೊದಲ ಪ್ರಶ್ನೆ, ಕಾಳು ಚೆನ್ನಾಗಿ ಕುದಿದಿತ್ತಾ ಅಂತ.

ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ಈ ಜಾತಿಯ ಕಾಳುಗಳಲ್ಲಿ, ಅದರಲ್ಲೂ ಕೆಂಪು ರಾಜ್ಮಾದಲ್ಲಿ, ಲೆಕ್ಟಿನ್ ಎಂಬ ವಿಷಾಂಶ ಇರುತ್ತದೆ. ಕನಿಷ್ಠ 5 ತಾಸು ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿದರೆ ಅದು ಹೋಗುತ್ತದೆ. ಬರೀ ಹಬೆಯಾಡುವ ಬಿಸಿಯಲ್ಲಿ ಎಷ್ಟು ಹೊತ್ತು ಇಟ್ಟರೂ ಹೋಗುವುದಿಲ್ಲ, 80 ಡಿಗ್ರಿ ಆಸುಪಾಸಿನಲ್ಲಿ ಹಸಿಕಾಳಿಗಿಂತ ಹೆಚ್ಚು ಕೆಡುಕಾಗಲೂಬಹುದು. ನಿಧಾನವಾಗಿ ಬೇಯಿಸುವ ವಿದ್ಯುತ್ ಮಡಕೆಗಳಲ್ಲಿ ನೇರವಾಗಿ ಈ ಕಾಳು ಹಾಕಬೇಡಿ. ಒಲೆ ಯಾವುದಾದರೂ ಇರಲಿ, ಮೊದಲು ಮರಳುವ ಕುದಿ, ಆಮೇಲೆ ಸಣ್ಣ ಉರಿ. ಕಾಂಗೋದ ಪೂರ್ವದಲ್ಲಿ, ಗೋಮಾ ಊರಿನ ಶಾಂತಿಪಾಲನಾ ಪಡೆಯಲ್ಲಿ ನಮ್ಮ ದೇಶದ ಸೈನಿಕರಿದ್ದಾರೆ. ಆ ಊರು ಸುಮಾರು 1,500 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ. ಅಲ್ಲಿರುವವರು ಇನ್ನೂ ಹೆಚ್ಚು ಹೊತ್ತು ಕುದಿಸಬೇಕು, ಕುಕ್ಕರ್ ಇದ್ದರೆ ಒಳ್ಳೆಯದು.

ಆ ರಾತ್ರಿ ಕಳೆದ ಮೇಲೆ ಒಂದು ವಾರ ನನಗೆ ಕಾಳಿನ ವಾಸನೆಯೇ ಬೇಡವಾಗಿತ್ತು. ಬೋಗುಣಿಯನ್ನು ತೊಳೆದು ಸುಮ್ಮನೆ ಕೊಟ್ಟುಬಿಡಿ ಅಂತ ಯಜಮಾನರು ಅಂದರು. ತೊಳೆದೆ, ಒರೆಸಿದೆ, ಬಾಗಿಲವರೆಗೂ ಹೋದೆ. ಖಾಲಿ ಬೋಗುಣಿ ಹಿಡಿದು ಅವರ ಮನೆಯ ಗೇಟು ತಟ್ಟಲು ಕೈ ಬರಲಿಲ್ಲ. ವಾಪಸ್ ತಂದು ಕಟ್ಟೆಯ ಮೇಲಿಟ್ಟೆ. ಇದನ್ನು ಗೇಟಿನಿಂದ ನೋಡಿದ ಯಾಯಾ ಶುಕ್ರವಾರ ಸಂಜೆ ತಾವೇ ಬಂದು ಕೈ ಹಿಡಿದು, ನಾಳೆ ನನ್ನ ಜೊತೆ ಮಾಡು ಅಂದರು.

ಶನಿವಾರ ಬೆಳಗಿನ ಜಾವವೇ ಇಬ್ಬರೂ ಮಾರ್ಕೆಟ್ಟಿಗೆ ಹೋದೆವು. ಯಾಯಾ ಕಾಳಿನ ರಾಶಿಗೆ ಕೈ ಇಳಿಸಿ, ಅಡಿಯಿಂದ ಒಂದು ಹಿಡಿ ತೆಗೆದು ಮೂಸಿ, ಒಂದನ್ನು ಹಲ್ಲಿನಲ್ಲಿ ಕಚ್ಚಿ, ನಾಲ್ಕು ಅಂಗಡಿ ದಾಟಿ ಐದನೆಯದರಲ್ಲಿ ಕೊಂಡರು. ಅವರೆಕಾಲದಲ್ಲಿ ನಮ್ಮಮ್ಮ ಸೊಗಡಿನ ಕಾಯಿ ಹುಡುಕುತ್ತಿದ್ದುದು ನೆನಪಾಗಿ ಗಂಟಲು ಕಟ್ಟಿತು. ಅಕ್ಕಿ ಬುಂಬಾ ಕಡೆಯದು. ಬುಂಬಾ ಕಾಂಗೋ ನದಿಯ ಮೇಲ್ದಂಡೆಯ ಊರು, ಅಲ್ಲಿಂದ ದೋಣಿಯಲ್ಲಿ ಬರುವ ಅಕ್ಕಿಗೆ ಇಲ್ಲಿ ಒಳ್ಳೆಯ ಹೆಸರು. ಕಲ್ಲು ಜಾಸ್ತಿ, ಎರಡು ಸಲ ಆರಿಸಬೇಕು. ಹೊರದೇಶದ ಅಕ್ಕಿ ಹೆಚ್ಚು ಬೆಳ್ಳಗಿರುತ್ತದೆ, ಪರಿಮಳ ಮಾತ್ರ ಇದಕ್ಕೇ ಜಾಸ್ತಿ.

ಆ ದಿನದ ಲೆಕ್ಕ ಹೀಗಿತ್ತು: ಎರಡು ಕೋಪೊ ಕಾಳಿಗೆ 5,000 ಫ್ರಾಂಕ್, ಅಕ್ಕಿಗೆ 3,000, ಅರ್ಧ ಲೀಟರ್ ಕೆಂಪು ತಾಳೆ ಎಣ್ಣೆಗೆ 2,500, ಟೊಮ್ಯಾಟೊ ಈರುಳ್ಳಿಗೆ 2,000, ಸೆಲರಿ ಮತ್ತು ಲೀಕ್ ಸೊಪ್ಪಿನ ಕಟ್ಟಿಗೆ 1,000, ಇದ್ದಿಲಿಗೆ 2,000. ಒಟ್ಟು 15,500. ಡಾಲರಿಗೆ ಆಗ ಇದ್ದ ಸುಮಾರು 2,800ರ ಲೆಕ್ಕದಲ್ಲಿ ಐದೂವರೆ ಡಾಲರ್. ಹತ್ತು ಜನ ಉಣ್ಣಬಹುದಾದ ಅಡುಗೆ ಅದು.

ಮಧ್ಯಾಹ್ನ ಮೊರದಲ್ಲಿ ಕಾಳು ಕೇರಿ, ಮುಕ್ಕಾದದ್ದು ಆರಿಸಿ, ಸಂಜೆ ಕಾಳಿನ ಮೂರು ಪಟ್ಟು ನೀರಿನಲ್ಲಿ ನೆನೆಹಾಕಿದೆವು. ಇಲ್ಲಿಯ ಸೆಖೆಗೆ ನೀರು ಹುಳಿ ಹಿಡಿಯುತ್ತದೆ, ಅದಕ್ಕೇ ಮಲಗುವ ಮುಂಚೆ ಒಂದು ಸಲ ನೀರು ಬದಲಾಯಿಸಬೇಕು. ಭಾನುವಾರ ಬೆಳಗ್ಗೆ ಆರಕ್ಕೆ ಯಾಯಾ ಮನೆಯ ಅಂಗಳದಲ್ಲಿ ಒಲೆ ಹೊತ್ತಿತು. ಅವರು ಕೆಂಡ ನಿಗಿನಿಗಿ ಆಗುವವರೆಗೂ ಪಾತ್ರೆ ಇಡಲೇ ಇಲ್ಲ. ನೆನೆದ ನೀರು ಚೆಲ್ಲಿ, ಹೊಸ ನೀರು ಕಾಳಿನ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ಹಾಕಿ, ಕಾಲು ಗಂಟೆ ಬುಳಬುಳ ಕುದಿಸಿ, ಆ ನೀರನ್ನೂ ಚೆಲ್ಲಿದರು. ಆಮೇಲೆ ಬಿಸಿನೀರು, ಅರ್ಧ ಈರುಳ್ಳಿ, ಒಂದು ಪಲಾವ್ ಎಲೆಯಂಥ ಎಲೆ, ಅಷ್ಟೇ. ಉಪ್ಪಿಲ್ಲ, ಟೊಮ್ಯಾಟೊ ಇಲ್ಲ. ನಡುವೆ ನೀರು ಬತ್ತಿದರೆ ಬಿಸಿನೀರನ್ನೇ ಸೇರಿಸಬೇಕು, ತಣ್ಣೀರು ಹಾಕಿದರೆ ಕಾಳು ಮುನಿಸಿಕೊಳ್ಳುತ್ತದೆ ಅನ್ನುವ ಅರ್ಥದಲ್ಲಿ ಮುಖ ಗಂಟಿಕ್ಕಿ ತೋರಿಸಿದರು.

ಆಮೇಲೆ ಕಾಯುವ ಕೆಲಸ. ನಾನು ಹತ್ತು ನಿಮಿಷಕ್ಕೊಮ್ಮೆ ಎದ್ದು ಮುಚ್ಚಳ ತೆಗೆಯುವುದು, ಅವರು "ಮಲೆಂಬೆ, ಲೇಕಿ" ಅಂತ ಕೂರಿಸುವುದು. ನಿಧಾನ, ತಂಗಿ. ಕಾಳು ತೆಗೆದು ಒತ್ತಿ ನೋಡುವುದು, "ನಾಯ್ನೊ ತೆ" ಅನ್ನುವುದು. ಒಂದೇ ಕಾಳು ನೋಡಿ ನಂಬಬಾರದು. ಪಾತ್ರೆಯ ಬೇರೆ ಬೇರೆ ಕಡೆಯಿಂದ ಐದು ತೆಗೆದು, ಐದೂ ನಾಲಿಗೆಯಲ್ಲೇ ಮಸೆದುಹೋಗಬೇಕು. ಆ ಅಂಗಳದಲ್ಲಿ ಕೂತಾಗ ನನಗೊಂದು ವಿಷಯ ಹೊಳೆಯಿತು. ಈ ಕಾಳು, ಟೊಮ್ಯಾಟೊ, ಮೆಣಸಿನಕಾಯಿ ಮೂರೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು, ನಮ್ಮ ಸಾರಿಗೆ ಮೆಣಸಿನಕಾಯಿ ಬಂದ ಹಾಗೆಯೇ. ತಾಳೆ ಎಣ್ಣೆಯ ಮರ ಮಾತ್ರ ಈ ನೆಲದ್ದೇ. ಕಾಳಿನ ಸಾರನ್ನು ಇಲ್ಲಿನದಾಗಿಸುವುದು ಆ ಕೆಂಪೆಣ್ಣೆ.

ಒಂದೂಮುಕ್ಕಾಲು ತಾಸಿಗೆ ಐದೂ ಕಾಳು ಮಸೆದವು. ಆಗ ಉಪ್ಪು ಬಿತ್ತು. ಇನ್ನೊಂದು ಪಾತ್ರೆಯಲ್ಲಿ ಎಣ್ಣೆ ಕಾಯಿತು. ನಮ್ಮ ಕಡೆ ಪಾಮೋಲಿನ್ ಅಂತ ಬರುವುದು ಬಣ್ಣ ವಾಸನೆ ತೆಗೆದದ್ದು. ಇದು ಕುಂಕುಮದ ನೀರಿನಂತೆ ಕೆಂಪು, ಕ್ಯಾರೆಟ್ಟಿನಲ್ಲಿರುವ ಕ್ಯಾರೋಟಿನ್ನೇ ಇದರಲ್ಲೂ ಇರುವುದರಿಂದ. ಬಹಳ ಕಾಯಿಸಿದರೆ ಬಣ್ಣವೂ ಹೋಗುತ್ತದೆ, ರುಚಿಯೂ ಹೋಗುತ್ತದೆ. ಹಸಿ ವಾಸನೆ ಹೋಗಿ ಹೊಗೆ ಏಳುವ ಮುಂಚೆ ಈರುಳ್ಳಿ ಹಾಕಬೇಕು. ಹಿಂದೆಯೇ ಬೆಳ್ಳುಳ್ಳಿ, ಲೀಕ್, ದಪ್ಪ ಮೆಣಸಿನಕಾಯಿ, ಸೆಲರಿ, ಆಮೇಲೆ ಟೊಮ್ಯಾಟೊ. ಎಣ್ಣೆ ಬಿಟ್ಟುಕೊಂಡ ಮೇಲೆ ಒಂದು ಚಿಟಿಕೆ ಜಾಯಿಕಾಯಿ ಪುಡಿ. ಒಂದು ಸೌಟು ಕಾಳನ್ನು ನುರಿದು ಅದಕ್ಕೆ ಸೇರಿಸಿ, ಉಳಿದದ್ದನ್ನು ಬೆಂದ ನೀರಿನ ಸಮೇತ ಹಾಕಿ, ಸಣ್ಣ ಕೆಂಡದ ಮೇಲೆ ಅರ್ಧ ತಾಸು. ನುರಿದ ಕಾಳಿನಿಂದಲೇ ಸಾರು ಗಟ್ಟಿಯಾಗುವುದು, ಹಿಟ್ಟು ಬೇಕಿಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. ಮನೆಗಳಲ್ಲೂ ಮಲೆವಾ ಎಂಬ ಬೀದಿ ಊಟದ ಅಂಗಡಿಗಳಲ್ಲೂ ಇದಕ್ಕೆ ಕೆಲವರು ಒಣಮೀನು ಅಥವಾ ಮಾಂಸದ ತುಂಡು ಹಾಕುತ್ತಾರೆ, ಮಾಂಸದ ರುಚಿಯ ಸಾರಿನ ಗಟ್ಟಿ ತುಂಡನ್ನು ಪುಡಿಮಾಡಿ ಹಾಕುವುದಂತೂ ಬಹಳ ಸಾಮಾನ್ಯ. ಕಣ್ಣಿಗೆ ಕಾಣುವುದಿಲ್ಲ, ಕೇಳಿಯೇ ತಿನ್ನಬೇಕು. ಯಾಯಾ ನಮಗಾಗಿ ಎರಡನ್ನೂ ಬಿಟ್ಟಿದ್ದರು, ಮೊದಲ ದಿನದಿಂದಲೂ. ಅದು ನನಗೆ ಗೊತ್ತಾದದ್ದು ಆ ಭಾನುವಾರವೇ.

ಅಲ್ಲಿಗೆ ಮುಗಿಯಲಿಲ್ಲ. ಅವರು ಮಾಡಿದ್ದನ್ನು ಅವರದೇ ಬೋಗುಣಿಯಲ್ಲಿ ತುಂಬಿಸಿ ಕೊಡುವುದು ಹೇಗೆ? ಮುಂದಿನ ಶನಿವಾರ ಒಬ್ಬಳೇ ನೆನೆಹಾಕಿದೆ. ಮಲಗುವ ಮುಂಚೆ ನೀರು ಬದಲಾಯಿಸಿದೆ. ಇದ್ದಿಲನ್ನು ಮೂರು ದಿನ ಒಳಗಿಟ್ಟು ಒಣಗಿಸಿದ್ದೆ, ಕೆಂಡ ಚೆನ್ನಾಗಿ ಬಂತು. ಗಡಿಯಾರ ನೋಡಿ ಹದಿನೈದು ನಿಮಿಷ ಮರಳಿಸಿದೆ. ಎರಡು ತಾಸು ಹಿಡಿಯಿತು, ಅವರಿಗಿಂತ ಕಾಲು ತಾಸು ಹೆಚ್ಚು. ಐದರಲ್ಲಿ ಒಂದು ಕಾಳು ಗಟ್ಟಿ ಇದ್ದಾಗಲೆಲ್ಲ ನನಗೆ ನಾನೇ "ನಾಯ್ನೊ ತೆ" ಹೇಳಿಕೊಂಡೆ. ಜೀರಿಗೆ ಡಬ್ಬಿಯ ಕಡೆಗೆ ತಿರುಗಲಿಲ್ಲ. ಅನ್ನವನ್ನು ಉದುರುದುರಾಗಿ ಮಾಡಿ, ಬೋಗುಣಿಯ ಒಂದು ಬದಿಗೆ ಅದು, ಇನ್ನೊಂದು ಬದಿಗೆ ಕಾಳು ತುಂಬಿಸಿ, ಮೇಲೆ ತಟ್ಟೆ ಮುಚ್ಚಿ ಮಗನ ಜೊತೆ ಅವರ ಗೇಟು ತಟ್ಟಿದೆ.

ಯಾಯಾ ತಟ್ಟೆ ಸರಿಸಿ, ಒಂದು ಕಾಳು ತೆಗೆದು ಬೆರಳಲ್ಲಿ ಒತ್ತಿದರು. ನನ್ನ ಎದೆ ಬಡಿದುಕೊಳ್ಳುತ್ತಿತ್ತು. ಅವರು ಏನೂ ಹೇಳಲಿಲ್ಲ. ಇನ್ನೊಂದು ತೆಗೆದರು, ಅದನ್ನು ಬಾಯಿಗೆ ಹಾಕಿಕೊಂಡರು. ಆಮೇಲೆ ಒಳಗೆ ತಿರುಗಿ ಮಕ್ಕಳನ್ನು ಕೂಗಿ, ತಟ್ಟೆಗಳನ್ನೂ ಅರೆದಿಟ್ಟ ಪಿಲಿಪಿಲಿ ಮೆಣಸಿನಕಾಯಿಯ ಬಟ್ಟಲನ್ನೂ ತರಹೇಳಿದರು.